ಆರ್ಥಿಕತೆ ಕೆಟ್ಟಾಗ ಅಮೆರಿಕದ ಅಧ್ಯಕ್ಷರನ್ನು ಎಷ್ಟು ಬೈಯಬಹುದು? ಲೆಕ್ಕ ಹಾಕುವ ಬಗೆ

ಅಮೆರಿಕದಲ್ಲಿ ಅಧ್ಯಕ್ಷರಾಗಿ ಯಾರೇ ಬರಲಿ, ಒಂದಲ್ಲ ಒಂದು ದಿನ ಈ ಮಾತು ಕೇಳಲೇಬೇಕು: "ಇವರು ಬಂದ ಮೇಲೆ ಎಲ್ಲಾ ದುಬಾರಿ ಆಯ್ತು." ಬೈಡನ್ ಕೇಳಿಸಿಕೊಂಡರು. ಎರಡನೇ ಸಲ ಬಂದ ಟ್ರಂಪ್ ಕೂಡ ಕೇಳಿಸಿಕೊಂಡರು. ಕಾರ್ಟರ್, ದೊಡ್ಡ ಬುಷ್ ಇಬ್ಬರೂ ಆರ್ಥಿಕತೆಯ ಮೇಲಿನ ಸಿಟ್ಟಿಗೇ ಕುರ್ಚಿ ಕಳೆದುಕೊಂಡರು. 1930ರ ದಶಕದಲ್ಲಿ ಮನೆ ಕಳೆದುಕೊಂಡವರು ತಗಡು, ರಟ್ಟು ಸೇರಿಸಿ ಕಟ್ಟಿಕೊಂಡ ಗುಡಿಸಲು ಕೇರಿಗಳಿಗೆ ಜನ ಇಟ್ಟ ಹೆಸರೇ 'ಹೂವರ್‌ವಿಲ್'. ಅಧ್ಯಕ್ಷರ ಹೆಸರನ್ನೇ ಕೊಳೆಗೇರಿಗೆ ಅಂಟಿಸಿಬಿಟ್ಟರು ನೋಡಿ, ಸಿಟ್ಟು ಅಂದರೆ ಅದು.

ಈ ಬರಹ ಯಾರಿಗೆ ಅಂದರೆ, ಅಲ್ಲಿ ಮತ ಹಾಕುವ ಕನ್ನಡಿಗರಿಗೆ, ಮತ ಇಲ್ಲದಿದ್ದರೂ ಅಲ್ಲಿನ ಬಿಲ್ ಕಟ್ಟುವವರಿಗೆ, ಮತ್ತು ದೂರದಲ್ಲಿ ಕೂತು ಅಮೆರಿಕದ ಚುನಾವಣೆ ಬಗ್ಗೆ ವಾಟ್ಸಾಪ್‌ನಲ್ಲಿ ಜಗಳ ಮಾಡುವವರಿಗೆ. ಸಿಟ್ಟು ಮಾಡಿಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಸಿಟ್ಟಿನಲ್ಲಿ ಎಷ್ಟು ಪಾಲು ಅಧ್ಯಕ್ಷರ ಖಾತೆಗೆ, ಎಷ್ಟು ಪಾಲು ಬೇರೆಯವರ ಖಾತೆಗೆ ಅಂತ ಬಿಡಿಸಿ ನೋಡುವುದು ಹೇಗೆ, ಇಷ್ಟೇ ವಿಷಯ. "ಎಲ್ಲಾ ಅವರದೇ ತಪ್ಪು" ಅನ್ನುವುದು ಸೋಮಾರಿತನ. "ಪಾಪ, ಅಧ್ಯಕ್ಷರ ಕೈಯಲ್ಲಿ ಏನಿದೆ" ಅನ್ನುವುದೂ ಅಷ್ಟೇ ಸೋಮಾರಿತನ.

ಮೊದಲು, ನಿಮ್ಮ ಸಿಟ್ಟು ಯಾವ ಬಿಲ್ ಮೇಲೆ?

"ಆರ್ಥಿಕತೆ ಹಾಳಾಗಿದೆ" ಅನ್ನುವ ಮಾತು ತುಂಬಾ ಅಗಲ. ಅದರಿಂದ ಏನೂ ತಿಳಿಯುವುದಿಲ್ಲ. ನಿಮಗೆ ನಿಜವಾಗಿ ನೋವು ಕೊಟ್ಟದ್ದು ಏನು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ದಿನಸಿಯಾ? ಬಾಡಿಗೆಯಾ? ಮನೆ ಸಾಲದ ಬಡ್ಡಿಯಾ? ಕೆಲಸ ಹೋಯಿತಾ, ಅಥವಾ ಕೆಲಸ ಇದೆ ಆದರೆ ಬೇರೆ ಕಡೆ ಹೋಗೋಣ ಅಂದರೆ ಯಾರೂ ತೆಗೆದುಕೊಳ್ಳುತ್ತಿಲ್ಲವಾ? ಹೆಲ್ತ್ ಇನ್ಶೂರೆನ್ಸ್ ಕಂತು ಏರಿತಾ? ಒಂದೊಂದಕ್ಕೂ ಕಾರಣ ಬೇರೆ. ಒಂದೊಂದರಲ್ಲೂ ಅಧ್ಯಕ್ಷರ ಪಾಲು ಬೇರೆ.

ಎಲ್ಲಾ ಒಟ್ಟಿಗೆ ಕೆಡುವುದು ಅಪರೂಪ. 1992ರಲ್ಲಿ ದೊಡ್ಡ ಬುಷ್ ಸೋತಾಗ ಬೆಲೆ ಏರಿಕೆ ವರ್ಷಕ್ಕೆ ಸುಮಾರು 3% ಮಾತ್ರ. ಜನರನ್ನು ಕಾಡಿದ್ದು ಕೆಲಸ. ಆ ವರ್ಷ ಜೂನ್‌ನಲ್ಲಿ ನಿರುದ್ಯೋಗ 7.8% ಮುಟ್ಟಿತ್ತು. ಬೈಡನ್ ಕಾಲದಲ್ಲಿ ಪೂರ್ತಿ ತಿರುಗುಮುರುಗು. 2023ರ ಜನವರಿಯಲ್ಲಿ ನಿರುದ್ಯೋಗ 3.4%, ಅಂದರೆ 1969ರ ನಂತರದ ಅತಿ ಕಡಿಮೆ ಮಟ್ಟ. ಆದರೆ ಅದಕ್ಕೂ ಮುಂಚೆ, 2022ರ ಜೂನ್‌ನಲ್ಲಿ ಬೆಲೆ ಏರಿಕೆ 9.1%ಗೆ ಹೋಗಿತ್ತು, ಗ್ಯಾಸ್ (ಅಲ್ಲಿ ಪೆಟ್ರೋಲ್‌ಗೆ ಹೀಗನ್ನುತ್ತಾರೆ) ದೇಶದ ಸರಾಸರಿಯಲ್ಲೇ ಗ್ಯಾಲನ್‌ಗೆ 5 ಡಾಲರ್ ದಾಟಿತ್ತು. ಕೆಲಸ ಇದ್ದವರೂ ಸಿಟ್ಟಾದರು. ಕೆಲಸ ಹೋದರೆ ಹೋದವರಿಗೆ ಮಾತ್ರ ತೀವ್ರ ನೋವು, ಬೆಲೆ ಏರಿದರೆ ಎಲ್ಲರಿಗೂ ವಾರ ವಾರ ನೋವು. ಮತದ ಲೆಕ್ಕದಲ್ಲಿ ಎರಡನೆಯದು ಜಾಸ್ತಿ ಜನರನ್ನು ಮುಟ್ಟುತ್ತದೆ.

ಎರಡೂ ಒಟ್ಟಿಗೆ ಬಂದದ್ದು ಕಾರ್ಟರ್ ಪಾಲಿಗೆ. ಇದರಲ್ಲೊಂದು ತಮಾಷೆ ಇದೆ. ನಿರುದ್ಯೋಗದ ಅಂಕಿಗೆ ಬೆಲೆ ಏರಿಕೆಯ ಅಂಕಿ ಕೂಡಿಸಿ 'ಸಂಕಟದ ಸೂಚ್ಯಂಕ' ಅಂತ ಒಂದು ಅಳತೆ ಇದೆ, ಆರ್ಥರ್ ಓಕನ್ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ್ದು. 1976ರಲ್ಲಿ ಅದು 13ರ ಆಸುಪಾಸಿನಲ್ಲಿತ್ತು. ಇಷ್ಟು ಸಂಕಟ ಕೊಟ್ಟವರಿಗೆ ಮತ್ತೆ ಮತ ಕೇಳುವ ಹಕ್ಕಿಲ್ಲ ಅಂತ ಆ ಅಂಕಿಯನ್ನೇ ಹಿಡಿದು ಕಾರ್ಟರ್ ಅವರು ಫೋರ್ಡ್ ಮೇಲೆ ಬಿದ್ದರು, ಗೆದ್ದರು. ನಾಲ್ಕು ವರ್ಷ ಆದ ಮೇಲೆ ಅದೇ ಅಂಕಿ 20 ದಾಟಿತ್ತು. ರೇಗನ್ ಸುಮ್ಮನೆ ಬಿಡುತ್ತಾರಾ?

ಬೆಲೆ ಬೇರೆ, ಬೆಲೆ ಏರಿಕೆ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮತದಾರರಿಗೂ ಅಧ್ಯಕ್ಷರಿಗೂ ನಡೆಯುವ ಅರ್ಧ ಜಗಳ ಇದೇ ಜಾಗದಲ್ಲಿ ಹುಟ್ಟುತ್ತದೆ.

ಸುದ್ದಿಯಲ್ಲಿ "ಹಣದುಬ್ಬರ 9%ನಿಂದ 3%ಗೆ ಇಳಿದಿದೆ" ಅಂತ ಬಂದರೆ ಬೆಲೆ ಇಳಿದಿದೆ ಅಂತ ಅರ್ಥ ಅಲ್ಲ. ಏರುವ ವೇಗ ಕಡಿಮೆ ಆಗಿದೆ ಅಷ್ಟೆ. 100 ಡಾಲರ್‌ನ ಸಾಮಾನು ಮೊದಲ ವರ್ಷ 109 ಆಯಿತು, ಎರಡನೇ ವರ್ಷ 112 ಚಿಲ್ಲರೆ ಆಯಿತು. ಶ್ವೇತಭವನದವರು ವೇಗ ನೋಡಿ ಚಪ್ಪಾಳೆ ಹೊಡೆಯುತ್ತಾರೆ, ನೀವು 112 ನೋಡಿ ಹಲ್ಲು ಕಡಿಯುತ್ತೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2021ರ ಜನವರಿಯಿಂದ 2025ರ ಜನವರಿವರೆಗೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ (ಜನ ಕೊಳ್ಳುವ ಸರಕು, ಸೇವೆಗಳ ಬೆಲೆಯ ಒಟ್ಟು ಅಳತೆ) 20%ಗೂ ಸ್ವಲ್ಪ ಮೇಲಕ್ಕೆ ಏರಿತು. 2023ರ ಜೂನ್ ಹೊತ್ತಿಗೆ ಏರಿಕೆಯ ದರ 3%ಗೆ ಬಂದಿತ್ತು. ಆದರೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. 'ಬೈಡನಾಮಿಕ್ಸ್' ಅನ್ನುವ ಹೆಸರಲ್ಲಿ ಬೈಡನ್ ತಮ್ಮ ಆರ್ಥಿಕ ನೀತಿಯ ಬಗ್ಗೆ ಭಾಷಣ ಮಾಡಿದ್ದೂ ಇದೇ 2023ರ ಜೂನ್‌ನಲ್ಲಿ. ಆ ಹೆಸರು ಯಾಕೆ ಜನರಿಗೆ ಹಿಡಿಸಲಿಲ್ಲ ಅಂತ ಇನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಹಾಗಾದರೆ ಬೆಲೆಗಳನ್ನು ಹಿಂದಕ್ಕೆ ಇಳಿಸಿ ಅಂತ ಕೇಳಬಹುದಾ? ಕೇಳಬಹುದು, ಆದರೆ ಒಟ್ಟಾರೆ ಎಲ್ಲ ಬೆಲೆಯೂ ಕುಸಿದ ಕಾಲ ಅಮೆರಿಕ ನೋಡಿದೆ, ಅದು ಹೂವರ್ ಕಾಲ. ಬೆಲೆಯ ಜೊತೆಗೆ ಸಂಬಳವೂ ಹೋಯಿತು, ಕೆಲಸವೂ ಹೋಯಿತು. 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಗ್ಯಾಸ್ ಬೆಲೆಯದೂ ಇದೇ ಕಥೆ. 2020ರ ಏಪ್ರಿಲ್‌ನಲ್ಲಿ ಗ್ಯಾಸ್ ಗ್ಯಾಲನ್‌ಗೆ 2 ಡಾಲರ್‌ಗಿಂತ ಕೆಳಗೆ ಇತ್ತು ಅಂತ ಹಳೆಯ ಫೋಟೋ ಹಾಕುವವರು ಇದ್ದಾರೆ. ನಿಜ, ಇತ್ತು. ಕೋವಿಡ್‌ನಿಂದ ಯಾರೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ, ಅದಕ್ಕೇ ಇತ್ತು. 2008ರಲ್ಲೂ ಹಾಗೆಯೇ, ಜುಲೈನಲ್ಲಿ 4 ಡಾಲರ್ ದಾಟಿದ್ದ ಗ್ಯಾಸ್ ಡಿಸೆಂಬರ್‌ಗೆ 2 ಡಾಲರ್‌ಗಿಂತ ಕೆಳಗೆ ಬಂತು. ಅದಕ್ಕಾಗಿ ಕಿರಿಯ ಬುಷ್‌ಗೆ ಯಾರೂ ಹಾರ ಹಾಕಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಬ್ಯಾಂಕುಗಳೇ ಉರುಳುತ್ತಿದ್ದವು.

ಆದ್ದರಿಂದ ಸರಿಯಾಗಿ ಕೇಳಬೇಕಾದ ಪ್ರಶ್ನೆ "ಬೆಲೆ ಇಳಿಯಿತಾ" ಅನ್ನುವುದಕ್ಕಿಂತ "ನನ್ನ ಸಂಬಳ ಬೆಲೆಯನ್ನು ಹಿಡಿಯಿತಾ" ಅನ್ನುವುದು. ನಾಲ್ಕು ವರ್ಷದ ಹಿಂದಿನ ನಿಮ್ಮ ಸಂಬಳ, ಈಗಿನ ಸಂಬಳ ಪಕ್ಕ ಪಕ್ಕ ಇಡಿ. ಎಷ್ಟು ಪರ್ಸೆಂಟ್ ಏರಿತು ನೋಡಿ. ಅದೇ ಅವಧಿಯಲ್ಲಿ ಸೂಚ್ಯಂಕ ಎಷ್ಟು ಏರಿತು ನೋಡಿ. ಸಂಬಳ ಹಿಂದೆ ಬಿದ್ದಿದ್ದರೆ ನಿಮ್ಮ ಸಿಟ್ಟಿಗೆ ಲೆಕ್ಕದ ಬೆಂಬಲ ಇದೆ. ಮುಂದೆ ಇದ್ದರೂ ಸಿಟ್ಟು ಬರುತ್ತಿದ್ದರೆ ಅದಕ್ಕೂ ಕಾರಣ ಇರುತ್ತದೆ: ಸಂಬಳ ಏರಿದ್ದು ನಮ್ಮ ಕೆಲಸದಿಂದ ಅಂತ ನಮಗನ್ನಿಸುತ್ತದೆ, ಬೆಲೆ ಏರಿದ್ದು ಸರ್ಕಾರದಿಂದ ಅಂತ ಅನ್ನಿಸುತ್ತದೆ. ಮನುಷ್ಯರೇ ಹಾಗೆ, ಏನು ಮಾಡೋಣ.

ಸೂಚ್ಯಂಕದೊಳಗೆ ಸಿಗದ ಒಂದು ನೋವೂ ಇದೆ. ಮನೆ ಸಾಲದ ಬಡ್ಡಿ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಇಲ್ಲ. 1983ರಲ್ಲೇ ಅದನ್ನು ಲೆಕ್ಕದಿಂದ ತೆಗೆದರು. 2021ರ ಜನವರಿಯಲ್ಲಿ 30 ವರ್ಷದ ಸಾಲ 2.65%ಗೆ ಸಿಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ 7.79%. 3 ಲಕ್ಷ ಡಾಲರ್ ಸಾಲಕ್ಕೆ ಲೆಕ್ಕ ಹಾಕಿ ನೋಡಿ, ತಿಂಗಳ ಕಂತು ಸುಮಾರು 1,209 ಡಾಲರ್ ಇದ್ದದ್ದು 2,158 ಆಗುತ್ತದೆ. ಮನೆ ಅದೇ, ಸಾಲ ಅಷ್ಟೇ, ಆದರೆ ತಿಂಗಳಿಗೆ 950 ಡಾಲರ್ ಹತ್ತಿರ ಜಾಸ್ತಿ. ಈಗಾಗಲೇ ಕಡಿಮೆ ಬಡ್ಡಿಗೆ ಸಾಲ ಮಾಡಿ ಕೂತವರಿಗೆ ಏನೂ ಆಗಲಿಲ್ಲ, ಹೊಸದಾಗಿ ಮನೆ ಕೊಳ್ಳಲು ಹೊರಟ ಮೂವತ್ತರ ಹರೆಯದವರಿಗೆ ಬಾಗಿಲೇ ಮುಚ್ಚಿದಂತಾಯಿತು. ಅಂಕಿಅಂಶ ಚೆನ್ನಾಗಿದ್ದರೂ ಜನ ಯಾಕೆ ಗೊಣಗುತ್ತಾರೆ ಅಂತ ಟಿವಿಯಲ್ಲಿ ಆಶ್ಚರ್ಯಪಡುವ ಪಂಡಿತರು ಈ ಕಂತಿನ ಲೆಕ್ಕ ಒಮ್ಮೆ ಮಾಡಬೇಕಿತ್ತು.

ಅಂಕಿ ಎಲ್ಲಿಂದ ತರಬೇಕು

ಶ್ವೇತಭವನದ ಹೇಳಿಕೆಯಿಂದ ಬೇಡ. ಎದುರು ಪಕ್ಷದ ಜಾಹೀರಾತಿನಿಂದಲೂ ಬೇಡ. ಬೆಲೆ ಮತ್ತು ಉದ್ಯೋಗದ ಅಂಕಿಯನ್ನು ತಿಂಗಳಿಗೊಮ್ಮೆ ಕಾರ್ಮಿಕ ಅಂಕಿಅಂಶ ಇಲಾಖೆ, ಅಂದರೆ ಬಿಎಲ್‌ಎಸ್, ಪ್ರಕಟಿಸುತ್ತದೆ. ಬೆಲೆ ಕಳೆದು ಉಳಿದ ಸಂಬಳ ಎಷ್ಟು ಅಂತ 'ರಿಯಲ್ ಅರ್ನಿಂಗ್ಸ್' ಅನ್ನುವ ಪುಟ್ಟ ವರದಿ ಬೆಲೆ ಸೂಚ್ಯಂಕ ಬಂದ ದಿನವೇ ಬರುತ್ತದೆ. ಪತ್ರಿಕೆಗಳು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ, ನೀವು ಗಮನಿಸಿ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡ್‌ನ ಸೇಂಟ್ ಲೂಯಿಸ್ ಶಾಖೆ ನಡೆಸುವ 'ಫ್ರೆಡ್' ತಾಣದಲ್ಲಿ ಇವೆಲ್ಲ ಗ್ರಾಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ವರ್ಷ ಎಳೆದು ಹಿಂದೆ ಮುಂದೆ ಮಾಡಬಹುದು.

ಒಂದು ತಿಂಗಳ ಅಂಕಿ ನೋಡಿ ಕುಣಿಯಬೇಡಿ, ಅಳಲೂ ಬೇಡಿ. ಉದ್ಯೋಗದ ಅಂಕಿಯನ್ನು ಮುಂದಿನ ಎರಡು ತಿಂಗಳು ತಿದ್ದುತ್ತಾರೆ, ಅದು ಮಾಮೂಲು. 2025ರ ಆಗಸ್ಟ್ 1ರಂದು ಬಂದ ವರದಿಯಲ್ಲಿ ಮೇ ಮತ್ತು ಜೂನ್‌ನ ಅಂಕಿಯನ್ನು ಒಟ್ಟು 2,58,000 ಉದ್ಯೋಗದಷ್ಟು ಕೆಳಗೆ ತಿದ್ದಿದರು. ಅದೇ ದಿನ ಟ್ರಂಪ್ ಆ ಇಲಾಖೆಯ ಮುಖ್ಯಸ್ಥೆಯನ್ನು ಕೆಲಸದಿಂದ ತೆಗೆದರು. ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದ ಹಾಗಾಯಿತು ಅದು. ಆಮೇಲೆ ಆ ವರ್ಷ ಅಕ್ಟೋಬರ್ 1ರಿಂದ 43 ದಿನ ಸರ್ಕಾರವೇ ಬಂದ್ ಆಗಿ, ಅಕ್ಟೋಬರ್ ತಿಂಗಳ ಬೆಲೆ ಸೂಚ್ಯಂಕ ಪ್ರಕಟವಾಗಲೇ ಇಲ್ಲ. ಗ್ರಾಫ್‌ನಲ್ಲಿ ಅಲ್ಲೊಂದು ಕಿಂಡಿ ಕಂಡರೆ ಗಾಬರಿಯಾಗಬೇಡಿ.

ಇನ್ನೊಂದು ವಿಷಯ. ಅಧಿಕೃತ ಅಂಕಿ ತಡವಾಗಿ ಬರುತ್ತದೆ, ಮತ ಕಾಯುವುದಿಲ್ಲ. 1990ರ ಜುಲೈನಲ್ಲಿ ಶುರುವಾದ ಆರ್ಥಿಕ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಹಾಗಂತ ಲೆಕ್ಕ ಇಡುವ ಸಂಸ್ಥೆ ಅದನ್ನು ಘೋಷಿಸಿದ್ದು ಯಾವಾಗ ಗೊತ್ತಾ? 1992ರ ಡಿಸೆಂಬರ್‌ನಲ್ಲಿ. ಬುಷ್ ನವೆಂಬರ್‌ನಲ್ಲೇ ಸೋತಿದ್ದರು. ಹಾಗಂತ ಜನ ತಪ್ಪು ತಿಳಿದಿದ್ದರು ಅನ್ನುವಂತಿಲ್ಲ. ಹಿಂಜರಿತ ಮುಗಿದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ನಿರುದ್ಯೋಗ ಏರುತ್ತಲೇ ಇತ್ತು. ಕಾಗದದ ಮೇಲೆ ಮುಗಿದದ್ದು ಮನೆಯಲ್ಲಿ ಮುಗಿದಿರಲಿಲ್ಲ.

ಶುರುವಾದದ್ದು ಯಾವಾಗ ಅಂತ ಗೆರೆ ಎಳೆಯಿರಿ

ಫ್ರೆಡ್‌ನಲ್ಲಿ ನಿಮ್ಮ ನೋವಿನ ಗ್ರಾಫ್ ತೆಗೆದು, ಅಧ್ಯಕ್ಷರು ಅಧಿಕಾರಕ್ಕೆ ಬಂದ ಜನವರಿ 20ಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಏರಿಕೆ ಗೆರೆಗಿಂತ ಮುಂಚೆ ಶುರುವಾಯಿತಾ, ಆಮೇಲಾ? ಒಬಾಮಾ 2012ರಲ್ಲಿ ನಿಂತಾಗ ನಿರುದ್ಯೋಗ 8%ಗೆ ಹತ್ತಿರವೇ ಇತ್ತು. ಆದರೂ ಗೆದ್ದರು. ಬಿಕ್ಕಟ್ಟು ಶುರುವಾದದ್ದು ಅವರು ಬರುವ ಮುಂಚೆ ಅಂತ ಮತದಾರರಿಗೆ ನೆನಪಿತ್ತು. ಮತಗಟ್ಟೆ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗಲೂ ಕಿರಿಯ ಬುಷ್ ಅವರನ್ನೇ ಹೆಚ್ಚು ದೂರಿದರು.

ಆದರೆ "ನನಗಿಂತ ಮುಂಚಿನವರು ಮಾಡಿದ್ದು" ಅನ್ನುವ ನೆಪಕ್ಕೂ ಅವಧಿ ಇರಬೇಕು. ನನ್ನ ಅಳತೆ ಸರಳ: ಮೊದಲ ವರ್ಷ ಕೇಳಿಸಿಕೊಳ್ಳುತ್ತೇನೆ, ಎರಡನೇ ವರ್ಷ ಅರ್ಧ ಕೇಳಿಸಿಕೊಳ್ಳುತ್ತೇನೆ, ಮೂರನೇ ವರ್ಷ ಕಿವಿ ಮುಚ್ಚುತ್ತೇನೆ. ಟ್ರಂಪ್ ಆಗಲಿ ಬೈಡನ್ ಆಗಲಿ ಇದೇ ಅಳತೆ.

ತಡವಾಗಿ ಫಲ ಕೊಡುವ ಕೆಲಸಗಳೂ ಇರುತ್ತವೆ ಅನ್ನುವುದು ನಿಜ. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಅವರನ್ನು ಫೆಡ್ ಮುಖ್ಯಸ್ಥರನ್ನಾಗಿ ಮಾಡಿದ್ದು ಕಾರ್ಟರ್. ಹಣದುಬ್ಬರ ಹಿಡಿಯಬೇಕು ಅಂತ ವೋಲ್ಕರ್ ಬಡ್ಡಿಯನ್ನು 20%ರ ಹತ್ತಿರ ಒಯ್ದರು. ಸಾಲ ಸಿಗದೆ ಮನೆ ಕಟ್ಟುವವರು, ಕಾರು ಮಾರುವವರು, ರೈತರು ಎಲ್ಲ ನರಳಿದರು. 1980ರ ಅಕ್ಟೋಬರ್ 28ರ ಚರ್ಚೆಯಲ್ಲಿ ರೇಗನ್ ಕ್ಯಾಮೆರಾ ನೋಡಿ, ನಾಲ್ಕು ವರ್ಷದ ಹಿಂದಿಗಿಂತ ಈಗ ನೀವು ಚೆನ್ನಾಗಿದ್ದೀರಾ ಅಂತ ಕೇಳಿದರು. ಒಂದು ವಾರದಲ್ಲಿ ಚುನಾವಣೆ, ಅಧ್ಯಕ್ಷರನ್ನು ತೀರ್ಮಾನಿಸುವ ಎಲೆಕ್ಟೋರಲ್ ಮತಗಳಲ್ಲಿ ರೇಗನ್‌ಗೆ 489, ಕಾರ್ಟರ್‌ಗೆ 49. ಕಾರ್ಟರ್ ಮನೆಗೆ ಹೋದರು. ವೋಲ್ಕರ್ ಅಲ್ಲೇ ಇದ್ದರು. ರೇಗನ್ ಕಾಲದಲ್ಲೂ ಬಡ್ಡಿ ಕಚ್ಚುತ್ತಲೇ ಇತ್ತು, 1982ರ ಕೊನೆಗೆ ನಿರುದ್ಯೋಗ 10.8%, ಅಧ್ಯಕ್ಷರ ಅವಧಿಯ ನಡುವೆ ಬರುವ ಆ ವರ್ಷದ ಮಧ್ಯಂತರ ಚುನಾವಣೆಯಲ್ಲಿ ಅವರ ರಿಪಬ್ಲಿಕನ್ ಪಕ್ಷ ಸಂಸತ್ತಿನ ಕೆಳಮನೆಯಲ್ಲಿ 26 ಸ್ಥಾನ ಕಳೆದುಕೊಂಡಿತು. ಆಮೇಲೆ ಹಣದುಬ್ಬರ ಇಳಿಯಿತು, ಕೆಲಸ ಬಂತು, 1984ರಲ್ಲಿ ರೇಗನ್ 49 ರಾಜ್ಯ ಗೆದ್ದರು. ಔಷಧಿಯ ಕಹಿ ಒಬ್ಬರಿಗೆ, ಗುಣವಾದ ಹೆಸರು ಇನ್ನೊಬ್ಬರಿಗೆ.

1984ರ ಆ ನವೆಂಬರ್‌ನಲ್ಲಿ ನಿರುದ್ಯೋಗ ಎಷ್ಟಿತ್ತು? 7.2%. ಕಾರ್ಟರ್ ಸೋತಾಗಿನ ಅಂಕಿಗೆ ಹತ್ತಿರ ಹತ್ತಿರ ಅಷ್ಟೇ! ಒಬ್ಬರು ಸೋತರು, ಒಬ್ಬರು ದೇಶವನ್ನೇ ಗೆದ್ದರು. 1936ರಲ್ಲಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದಾಗ ನಿರುದ್ಯೋಗ ಸುಮಾರು 17% ಇತ್ತು. ಮತದಾರರು ಅಂಕಿ ಎಷ್ಟು ಅಂತ ನೋಡುವುದಿಲ್ಲ, ಯಾವ ಕಡೆ ಹೋಗುತ್ತಿದೆ ಅಂತ ನೋಡುತ್ತಾರೆ. ಅದರಲ್ಲೂ ಚುನಾವಣೆ ವರ್ಷದ ತಿಂಗಳುಗಳಿಗೆ ಜಾಸ್ತಿ ತೂಕ. ಅಧ್ಯಕ್ಷರುಗಳಿಗೂ ಇದು ಗೊತ್ತು, ಅದಕ್ಕೇ ಚುನಾವಣೆ ವರ್ಷದಲ್ಲಿ ಚೆಕ್ ಹಂಚುವ ಮಾತು ಬಂದರೆ ಸ್ವಲ್ಪ ಹುಷಾರಾಗಿರಿ.

ಸಹಿ ಯಾರದು ಅಂತ ಹುಡುಕಿ

ಇದು ನನ್ನ ಪ್ರಕಾರ ಅತಿ ಮುಖ್ಯವಾದ ಕೆಲಸ, ಮತ್ತು ಜನ ಅತಿ ಕಡಿಮೆ ಮಾಡುವ ಕೆಲಸ. ನಿಮ್ಮ ಚೀಟಿಯಲ್ಲಿ ಬರೆದ ಒಂದೊಂದು ನೋವಿನ ಹಿಂದೆಯೂ ಯಾರೋ ಒಬ್ಬರ ಸಹಿ ಇರುತ್ತದೆ, ಅಥವಾ ಯಾರ ಸಹಿಯೂ ಇರುವುದಿಲ್ಲ.

ಬಡ್ಡಿ ದರ ಫೆಡ್‌ನ ಕೈಯಲ್ಲಿ. ಅಧ್ಯಕ್ಷರು ಮುಖ್ಯಸ್ಥರನ್ನು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪುತ್ತದೆ, ಆಮೇಲೆ ದರ ನಿಗದಿ ಮಾಡುವುದು ಫೆಡ್‌ನ ಸಮಿತಿ. ಜೆರೋಮ್ ಪವೆಲ್ ಅವರನ್ನು ಮೊದಲು ಮುಖ್ಯಸ್ಥರನ್ನಾಗಿ ಮಾಡಿದ್ದು ಟ್ರಂಪ್, ಎರಡನೇ ಸಲ ಉಳಿಸಿಕೊಂಡದ್ದು ಬೈಡನ್. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇದ್ದ ದರವನ್ನು 2023ರ ಜುಲೈ ಹೊತ್ತಿಗೆ 5.25ರಿಂದ 5.50%ಗೆ ಏರಿಸಿದ್ದು ಆ ಸಮಿತಿ. ಇಬ್ಬರೂ ಅಧ್ಯಕ್ಷರ ಬೆಂಬಲಿಗರು ಈ ಮನುಷ್ಯ ನಮ್ಮವನಲ್ಲ ಅಂತ ಕೈ ತೊಳೆದುಕೊಳ್ಳುವುದನ್ನು ನೋಡಿದರೆ ನಗು ಬರುತ್ತದೆ.

ಗ್ಯಾಸ್ ಬೆಲೆಯ ದೊಡ್ಡ ಪಾಲು ಕಚ್ಚಾ ತೈಲ, ಅದು ಜಗತ್ತಿನ ಮಾರುಕಟ್ಟೆಯದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಮೇಲೆ ಬೆಲೆ ಜಿಗಿಯಿತು. ಬೈಡನ್ ಸರ್ಕಾರದ ತೈಲ ಸಂಗ್ರಹದಿಂದ 18 ಕೋಟಿ ಬ್ಯಾರೆಲ್ ಬಿಡುಗಡೆ ಮಾಡಲು ಹೇಳಿದರು. ಸ್ವಲ್ಪ ನೆರವಾಯಿತು, ಜಾಸ್ತಿ ಏನೂ ಅಲ್ಲ. ಅಧ್ಯಕ್ಷರ ಕೈ ಇಲ್ಲಿ ಅಷ್ಟೇ ಉದ್ದ, ಅವರೇ ಯುದ್ಧ ಅಥವಾ ನಿರ್ಬಂಧದ ತೀರ್ಮಾನ ಮಾಡಿದ್ದರೆ ಮಾತ್ರ ಲೆಕ್ಕ ಬೇರೆ.

ಮೊಟ್ಟೆ ಇನ್ನೂ ಸುಲಭ. 2025ರ ಮಾರ್ಚ್‌ನಲ್ಲಿ ಡಜನ್‌ಗೆ ಸರಾಸರಿ 6.23 ಡಾಲರ್. ಹಕ್ಕಿ ಜ್ವರ ಬಂದು ಕೋಟಿಗಟ್ಟಲೆ ಕೋಳಿಗಳನ್ನು ಕೊಂದಿದ್ದರು. ಬೈಡನ್ ಕಾಲದಲ್ಲಿ ಮೊಟ್ಟೆ ಹಿಡಿದುಕೊಂಡು ಬೈದವರು, ಟ್ರಂಪ್ ಬಂದ ಎರಡೇ ತಿಂಗಳಿಗೆ ಅದೇ ಮೊಟ್ಟೆ ಹಿಡಿದುಕೊಂಡು ಬೈದವರು, ಇಬ್ಬರೂ ಸುಮ್ನೆ ಬೈದರು. ವರ್ಷದ ಕೊನೆಗೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಅದಕ್ಕೂ ಅಧ್ಯಕ್ಷರಿಗೆ ದೊಡ್ಡ ಶ್ರೇಯಸ್ಸೇನೂ ಕೊಡಬೇಕಾಗಿಲ್ಲ.

ಸುಂಕ ಹಾಗಲ್ಲ. 2025ರ ಏಪ್ರಿಲ್ 2ರಂದು ಹೆಚ್ಚುಕಡಿಮೆ ಎಲ್ಲ ದೇಶಗಳ ಸರಕಿನ ಮೇಲೆ ಕನಿಷ್ಠ 10% ಸುಂಕ ಹಾಕಿದ್ದು ಒಂದೇ ಸಹಿ, ಟ್ರಂಪ್ ಅವರದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮತ ಹಾಕಿರಲಿಲ್ಲ. ಅದರಿಂದ ಏರಿದ ಬೆಲೆ ಪೂರ್ತಿ ಅವರ ಖಾತೆಗೆ. ಸುಂಕದಿಂದ ಒಳ್ಳೆಯದಾದರೆ ಅದೂ ಅವರ ಖಾತೆಗೆ, ನ್ಯಾಯ ಅಂದರೆ ನ್ಯಾಯ. ಕಾಫಿಯಲ್ಲಿ ಮಾತ್ರ ಎರಡೂ ಬೆರೆತವು. 2025ರ ಸೆಪ್ಟೆಂಬರ್‌ಗೆ ಕಾಫಿ ಬೆಲೆ ಒಂದು ವರ್ಷದಲ್ಲಿ ಸುಮಾರು 19% ಏರಿತ್ತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಬೆಳೆ ಕೆಟ್ಟದ್ದು ಒಂದು ಕಾರಣ, ಬ್ರೆಜಿಲ್ ಮೇಲೆ ಆಗಸ್ಟ್‌ನಲ್ಲಿ ಹಾಕಿದ 50% ಸುಂಕ ಇನ್ನೊಂದು. ಹವಾಯಿ ಬಿಟ್ಟರೆ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಹೇಳಿಕೊಳ್ಳುವಷ್ಟು ಕಾಫಿ ಬೆಳೆಯುವುದಿಲ್ಲ, ಹಾಗಿದ್ದ ಮೇಲೆ ಅದರ ಮೇಲೆ ಸುಂಕ ಹಾಕಿ ಯಾರನ್ನು ಕಾಪಾಡುವುದು ಅಂತ ಯಾರಾದರೂ ಕೇಳುತ್ತಾರೆ. ನವೆಂಬರ್‌ನಲ್ಲಿ ಕಾಫಿ, ಬಾಳೆಹಣ್ಣು, ಗೋಮಾಂಸದಂಥ ಹಲವು ಸರಕುಗಳ ಮೇಲಿನ ಆ ಸುಂಕವನ್ನು ಟ್ರಂಪ್ ಅವರೇ ತೆಗೆದರು. ಸುಂಕಕ್ಕೂ ಬೆಲೆಗೂ ಸಂಬಂಧ ಇಲ್ಲ ಅನ್ನುವವರಿಗೆ ಅವರ ಅಧ್ಯಕ್ಷರೇ ಕೊಟ್ಟ ಉತ್ತರ ಅದು.

2021, 22ರ ಹಣದುಬ್ಬರದಲ್ಲಿ ಸಹಿಗಳು ಹಲವು. 2020ರ ಮಾರ್ಚ್‌ನಲ್ಲಿ ಸುಮಾರು 2.2 ಲಕ್ಷ ಕೋಟಿ ಡಾಲರ್‌ನ ಕೋವಿಡ್ ನೆರವಿಗೆ ಟ್ರಂಪ್ ಸಹಿ ಹಾಕಿದರು. 2021ರ ಮಾರ್ಚ್‌ನಲ್ಲಿ 1.9 ಲಕ್ಷ ಕೋಟಿಗೆ ಬೈಡನ್ ಸಹಿ ಹಾಕಿದರು. ನಡುವೆ ಕಾರ್ಖಾನೆ ಮುಚ್ಚಿ, ಹಡಗು ಬಂದರಿನಲ್ಲಿ ಕಾದು, ಸಾಮಾನು ಸಿಗದಾಯಿತು. ಬೇರೆ ದೇಶಗಳಲ್ಲೂ ಬೆಲೆ ಏರಿತು, ಆದ್ದರಿಂದ ಎಲ್ಲಾ ಬೈಡನ್ ಮಾಡಿದ್ದು ಅನ್ನಲಾಗದು. ಜನರ ಕೈಗೆ ಅಷ್ಟು ಹಣ ಹೋದದ್ದರಿಂದ ಅಮೆರಿಕದಲ್ಲಿ ಬೆಂಕಿಗೆ ತುಪ್ಪ ಬಿತ್ತು ಅನ್ನುವುದೂ ಸುಳ್ಳಲ್ಲ. ತುಪ್ಪ ಎಷ್ಟು ಅನ್ನುವುದರ ಮೇಲೆ ಅರ್ಥಶಾಸ್ತ್ರಜ್ಞರು ಇನ್ನೂ ಕಿತ್ತಾಡುತ್ತಾರೆ.

ಬಾಡಿಗೆ, ಮನೆ ಬೆಲೆ? ಎಲ್ಲಿ ಎಷ್ಟು ಅಂತಸ್ತು ಕಟ್ಟಬಹುದು ಅಂತ ತೀರ್ಮಾನಿಸುವುದು ನಿಮ್ಮ ಊರಿನ ನಗರಸಭೆ. ಆ ಚುನಾವಣೆಗೆ ನೀವು ಹೋಗುವುದೇ ಇಲ್ಲ, ಗೊತ್ತು ನನಗೆ.

ನಿಮ್ಮ ಪಕ್ಷದ ಕನ್ನಡಕ ತೆಗೆದು ನೋಡಿ

ಚುನಾವಣೆ ಮುಗಿದ ತಿಂಗಳಲ್ಲೇ ಅಮೆರಿಕದಲ್ಲಿ ಒಂದು ಮ್ಯಾಜಿಕ್ ನಡೆಯುತ್ತದೆ. ಗೆದ್ದ ಪಕ್ಷದವರಿಗೆ ಆರ್ಥಿಕತೆ ಇದ್ದಕ್ಕಿದ್ದಂತೆ ಚೆನ್ನಾಗಿ ಕಾಣುತ್ತದೆ, ಸೋತವರಿಗೆ ಕೆಟ್ಟದಾಗಿ ಕಾಣುತ್ತದೆ. ಸಂಬಳ ಬದಲಾಗಿಲ್ಲ, ಅಂಗಡಿ ಬೆಲೆ ಬದಲಾಗಿಲ್ಲ. ಮಿಚಿಗನ್ ವಿಶ್ವವಿದ್ಯಾಲಯ ತಿಂಗಳು ತಿಂಗಳು ಮಾಡುವ ಗ್ರಾಹಕರ ಸಮೀಕ್ಷೆಯನ್ನು ಪಕ್ಷವಾರು ಬಿಡಿಸಿದರೆ ಈ ಪಲ್ಟಿ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಬೈಯುವ ಮುಂಚೆ ಒಂದು ಪರೀಕ್ಷೆ: ಇದೇ ಅಂಕಿ, ಇದೇ ತೀರ್ಮಾನ, ಅಧ್ಯಕ್ಷರು ಮಾತ್ರ ನಿಮ್ಮ ಪಕ್ಷದವರು ಅಂತ ಊಹಿಸಿಕೊಳ್ಳಿ. ಆಗಲೂ ಸಿಟ್ಟು ಬರುತ್ತದಾ? ಬರುತ್ತದೆ ಅಂದರೆ ಬೈಯಿರಿ. ಎರಡೂ ಪಕ್ಷಕ್ಕೆ ಸೇರದವರ ಅಂಕಿ ಯಾವ ಕಡೆ ಹೋಗುತ್ತಿದೆ ಅಂತ ನೋಡುವುದು ಇನ್ನೂ ಒಳ್ಳೆಯದು, ಚುನಾವಣೆ ತಿರುಗುವುದು ಅವರಿಂದ.

ಅಧ್ಯಕ್ಷರು ಏನು ಹೇಳಿದರು ಅನ್ನುವುದಕ್ಕೂ ಒಂದು ಅಂಕ ಇಡಿ. ಬೆಲೆ ಏರಿದ್ದು ಅವರ ಕೈಯಲ್ಲಿ ಇಲ್ಲದಿರಬಹುದು, ಬಾಯಿ ಅವರ ಕೈಯಲ್ಲೇ ಇದೆ. 1974ರಲ್ಲಿ ಫೋರ್ಡ್ ಹಣದುಬ್ಬರ ಓಡಿಸಲು ಕೋಟ್‌ಗೆ ಚುಚ್ಚಿಕೊಳ್ಳುವ ಬ್ಯಾಡ್ಜ್ ಹಂಚಿದರು, ಜನ ನಕ್ಕರು. ಬೈಡನ್ ಕಡೆಯವರು ಗ್ರಾಫ್ ತೋರಿಸಿದರು. ಟ್ರಂಪ್ 2025ರ ಡಿಸೆಂಬರ್‌ನಲ್ಲಿ ದುಬಾರಿ ಬದುಕಿನ ಮಾತೇ ಡೆಮಾಕ್ರಟರ ಮೋಸ ಅಂದರು. ಮೂರೂ ಒಂದೇ ಜಾತಿ. ಬಿಲ್ ಕಟ್ಟಿ ಬಂದವರಿಗೆ ನಿನ್ನ ಬಿಲ್ ಸುಳ್ಳು ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಇನ್ನು ಸಿಟ್ಟನ್ನು ಎಲ್ಲಿ ಹಾಕುವುದು

ಲೆಕ್ಕ ಮುಗಿದ ಮೇಲೆ ಅಧ್ಯಕ್ಷರ ಖಾತೆಗೆ ಏನೋ ಒಂದಿಷ್ಟು ಉಳಿಯಿತು ಅಂತಿಟ್ಟುಕೊಳ್ಳಿ. ಅದನ್ನು ತೀರಿಸಿಕೊಳ್ಳಲು ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರಲೇಬೇಕು ಅಂತಿಲ್ಲ. ಎರಡು ವರ್ಷಕ್ಕೊಮ್ಮೆ ಕೆಳಮನೆಯ 435 ಸ್ಥಾನಕ್ಕೂ, ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಚುನಾವಣೆ ನಡೆಯುತ್ತದೆ. 2026ರದ್ದು ನವೆಂಬರ್ 3ಕ್ಕೆ. ಎರಡನೇ ಮಹಾಯುದ್ಧದ ನಂತರ 1998 ಮತ್ತು 2002 ಬಿಟ್ಟರೆ 2022ರವರೆಗಿನ ಎಲ್ಲ ಮಧ್ಯಂತರ ಚುನಾವಣೆಗಳಲ್ಲೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಕಳೆದುಕೊಂಡಿದೆ. ಮತದಾರರು ಸಿಟ್ಟು ಹಾಕುವ ಡಬ್ಬಿ ಅದು.

ನಿಮ್ಮ ಕ್ಷೇತ್ರದ ಸದಸ್ಯರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಅಂತ ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಮಸೂದೆ ಹುಡುಕಿದರೆ ಸಿಗುತ್ತದೆ. ನಿಮ್ಮ ಚೀಟಿಯಲ್ಲಿ ಇರುವ ವಿಷಯಕ್ಕೆ ಸೇರಿದ ಎರಡು ಮೂರು ಮತ ನೋಡಿದರೆ ಸಾಕು. ಟೌನ್‌ಹಾಲ್ ಸಭೆ ನಡೆದರೆ ಹೋಗಿ, "ಬೆಲೆ ಏರಿದೆ, ಏನಾದರೂ ಮಾಡಿ" ಅನ್ನಬೇಡಿ. ಹಾಗಂದರೆ ಅವರು ಐದು ನಿಮಿಷ ಮಾತಾಡಿ ಏನೂ ಹೇಳದೆ ಮುಗಿಸುತ್ತಾರೆ. ಇಂಥ ಸುಂಕಕ್ಕೆ ನೀವು ಯಾಕೆ ಒಪ್ಪಿದಿರಿ, ಇಂಥ ಖರ್ಚಿಗೆ ಯಾಕೆ ಕೈ ಎತ್ತಿದಿರಿ ಅಂತ ಹೆಸರು ಹಿಡಿದು ಕೇಳಿ. ಎದುರು ನಿಂತವರನ್ನೂ ಬಿಡಬೇಡಿ. "ನಾನು ಬಂದರೆ ಮೊದಲ ದಿನವೇ ಬೆಲೆ ಇಳಿಸುತ್ತೇನೆ" ಅಂದವರಿಗೆ ಒಂದೇ ಪ್ರಶ್ನೆ: ಯಾವ ಸಹಿಯಿಂದ?

ನೋಂದಣಿಯ ಕೊನೇ ದಿನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಮತದಾನದ ದಿನವೇ ಮಾಡಿಸಬಹುದು, ಕೆಲವು ಕಡೆ ಒಂದು ತಿಂಗಳು ಮುಂಚೆಯೇ ಬಾಗಿಲು ಹಾಕುತ್ತಾರೆ. ವೋಟ್ ಡಾಟ್ ಗವ್‌ನಲ್ಲಿ ನಿಮ್ಮ ರಾಜ್ಯ ಆರಿಸಿ ನೋಡಿ. ಮನೆ ಬದಲಾಯಿಸಿದ್ದರೆ ವಿಳಾಸ ತಿದ್ದಿಸಿ. ಮತ್ತೆ ಇದನ್ನು ಗಮನದಲ್ಲಿಡಿ: ಗ್ರೀನ್ ಕಾರ್ಡ್ ಇದ್ದವರು ಈ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಹಾಕಿದರೆ ಅಪರಾಧ, ಆಮೇಲೆ ಪೌರತ್ವಕ್ಕೇ ಕುತ್ತು. ಅವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರು ಅದನ್ನೂ ಕೊಡುವಂತಿಲ್ಲ. ಸಂಬಳ ಪಡೆಯದೆ ಸ್ವಯಂಸೇವಕರಾಗಿ ಪ್ರಚಾರಕ್ಕೆ ಹೋಗಬಹುದು, ಹಣ ಮತ್ತು ತೀರ್ಮಾನದ ವಿಷಯದಿಂದ ದೂರ ಇದ್ದರೆ ಆಯಿತು.